ಪರದೇಶದಲ್ಲಿ ಒಬ್ಬನೇ ಉಣ್ಣುವಾಗ

ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿರುವ ಮನೆಗಳು ನಮ್ಮ ಕಾಸರಗೋಡಿನ ಕನ್ನಡಿಗರಲ್ಲಿಯೂ ಕಡಿಮೆಯೇನಲ್ಲ. ಮಗ ಹೊರಟುನಿಂತಾಗ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಕಟ್ಟಿಕೊಡುತ್ತೇವೆ. ಪಾಸ್‌ಪೋರ್ಟು, ವೀಸಾಗಳನ್ನು ಎರಡೆರಡು ಸಲ ನೋಡುತ್ತೇವೆ. ಆದರೆ ಗುರುತು ಪರಿಚಯವಿಲ್ಲದ ಪಟ್ಟಣದಲ್ಲಿ ಒಬ್ಬನೇ ಹೋಟೆಲು ಹೊಕ್ಕು, ಬೇಕಾದ್ದನ್ನು ಕೇಳಿ ಉಣ್ಣುವ ಧೈರ್ಯವನ್ನು ಕಟ್ಟಿಕೊಡಲು ಮರೆಯುತ್ತೇವೆ.

ಇದು ಸಣ್ಣ ಸಂಗತಿಯಲ್ಲ. ರಜೆಯಲ್ಲಿ ಊರಿಗೆ ಬಂದು ಶಾಲೆಗೆ ಇಣುಕುವ ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಹಲವರು ದುಬೈಯ ಮೊದಲ ತಿಂಗಳನ್ನು ಬ್ರೆಡ್ಡು, ಬಾಳೆಹಣ್ಣುಗಳಲ್ಲೇ ಕಳೆದವರು. ಅಮ್ಮ ಫೋನಿನಲ್ಲಿ "ಊಟ ಆಯಿತೇ?" ಎಂದು ಕೇಳಿದರೆ "ಆಯಿತು" ಎಂದವರು. ಕಾರಣಗಳು ಎರಡು. ಒಂದು, ದಿರ್ಹಮನ್ನು ರೂಪಾಯಿಗೆ ಗುಣಿಸುವ ಲೆಕ್ಕ. ಒಂದು ದಿರ್ಹಮಿಗೆ ಇಪ್ಪತ್ತಕ್ಕೂ ಮಿಕ್ಕಿ ರೂಪಾಯಿ ಎಂದು ಮನಸ್ಸಿನಲ್ಲೇ ಗುಣಿಸಿದರೆ ಯಾವ ತುತ್ತೂ ಗಂಟಲಲ್ಲಿ ಇಳಿಯದು. ಸಂಬಳ ಯಾವ ನಾಣ್ಯದಲ್ಲೋ ಊಟದ ಲೆಕ್ಕವೂ ಅದೇ ನಾಣ್ಯದಲ್ಲಿರಬೇಕು. ಇನ್ನೊಂದು ಕಾರಣ ಸಂಕೋಚ: ಒಬ್ಬನೇ ಕೂತರೆ ಯಾರೇನೆಂದುಕೊಳ್ಳುವರೋ, ಕೇಳಿದ್ದು ತಪ್ಪಾದರೆ ನಗುವರೋ ಎಂಬ ಅಳುಕು.

ಆ ಅಳುಕಿಗೆ ಅಲ್ಲಿ ಆಸ್ಪದವಿಲ್ಲವೆಂಬುದನ್ನು ಕೆಲವು ದಿನಗಳ ಮಟ್ಟಿಗೆ ದುಬೈಗೆ ಹೋಗಿದ್ದಾಗ ನಾವು ಕಣ್ಣಾರೆ ಕಂಡೆವು. ಕರಾಮ, ದೇರಾ, ಬರ್ ದುಬೈಗಳ ಸಣ್ಣ ಹೋಟೆಲುಗಳಲ್ಲಿ ಉಣ್ಣುವವರಲ್ಲಿ ಒಂಟಿಯಾಗಿ ಬಂದವರೇ ಬಹಳ. ಮೂಲೆಮೂಲೆಗೂ ಇರುವ ಕೆಫೆಟೇರಿಯಗಳಲ್ಲಿ ಪರೋಟದೊಳಗೆ ಮೊಟ್ಟೆಯನ್ನೋ ಕೋಳಿಯನ್ನೋ ಸುತ್ತಿ ಕೊಡುತ್ತಾರೆ. ಜೊತೆಗೆ 'ಕರಕ್' ಚಾ. ನಮ್ಮ 'ಕಡಕ್' ಎಂಬ ಮಾತೇ ಅಲ್ಲಿ 'ಕರಕ್' ಆಗಿದೆ! ಹಾಲಿಲ್ಲದ ಚಾ ಬೇಕಿದ್ದರೆ ನಮ್ಮೂರಿನಂತೆ ಸುಲೈಮಾನಿ ಎಂದರೆ ಸಾಕು. ಸಸ್ಯಾಹಾರಿಗಳೂ ಚಿಂತಿಸಬೇಕಾಗಿಲ್ಲ. ಚೆನ್ನೈಯ ಶರವಣ ಭವನ ಪರದೇಶದಲ್ಲಿ ತನ್ನ ಮೊದಲ ಹೋಟೆಲನ್ನು 2000ದಲ್ಲಿ ತೆರೆದದ್ದು ದುಬೈಯಲ್ಲೇ. ಕರಾಮದಲ್ಲಿ ಇಡ್ಲಿ, ದೋಸೆ ಹುಡುಕಿ ಅಲೆಯಬೇಕಾಗಿಲ್ಲ. ದಿನವೂ ಹೋಟೆಲಿಗೆ ಹೋಗಲಾಗದವರಿಗೆ ತಿಂಗಳ ಲೆಕ್ಕದ ಮೆಸ್ಸುಗಳಿವೆ.

ತಿಳಿದಿರಬೇಕಾದ ಕೆಲವು ಕಟ್ಟಳೆಗಳಿವೆ. 2018ರ ಜನವರಿಯಿಂದ ಅಲ್ಲಿ ನೂರಕ್ಕೆ 5ರಂತೆ ತೆರಿಗೆಯಿದೆ. ಮೇಜಿನ ಮೇಲಿಟ್ಟ ನೀರಿನ ಬಾಟಲಿ ಧರ್ಮಾರ್ಥವೆಂದು ಭಾವಿಸದೆ ಮೊದಲೇ ಕೇಳಿಕೊಳ್ಳುವುದು ಲೇಸು. ಹಸಿವೆಯಾಯಿತೆಂದು ಮೆಟ್ರೋ ರೈಲಿನೊಳಗೆ ಬುತ್ತಿ ಬಿಚ್ಚಿದರೆ 100 ದಿರ್ಹಮ್ ದಂಡ. ರಂಜಾನ್ ತಿಂಗಳ ಹಗಲಿನಲ್ಲಿ ಹೋಟೆಲುಗಳು ಪರದೆ ಕಟ್ಟಬೇಕೆಂಬ ನಿಯಮವನ್ನು ದುಬೈ 2021ರಲ್ಲಿ ಕೈಬಿಟ್ಟಿತು. ಆದರೂ ಉಪವಾಸವಿರುವವರ ಎದುರಿಗೆ ಬೀದಿಯಲ್ಲಿ ತಿನ್ನದಿರುವುದು ಸಭ್ಯತೆ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಆ ಕೆಫೆಟೇರಿಯಗಳನ್ನು ನಡೆಸುವವರಲ್ಲಿ ಮಲಬಾರಿನವರು ಬಹಳ ಮಂದಿ. "ನಾಡೆವಿಡೆ?" ಎಂದು ಕೇಳುತ್ತಾರೆ. "ಕಾಸರಗೋಡು" ಎಂದೊಡನೆ ಮುಖ ಅರಳುತ್ತದೆ. "ಇಕ್ಕಾ, ಒಂದು ಚಾಯ" ಎಂದು ಕೇಳಬಲ್ಲ ನಮ್ಮ ಹುಡುಗನಿಗೆ ಆ ಮೊದಲ ದಿನವೇ ಪಟ್ಟಣದ ಅರ್ಧ ಭಯ ಕಳೆಯುತ್ತದೆ. ಯಾವ ಭಾಷೆಯನ್ನು ಊರಿನಲ್ಲಿ ಕಚೇರಿಯ ಹೊರೆಯೆಂದು ನಾವು ಗೊಣಗುತ್ತಾ ಹೊತ್ತೆವೋ, ಅದೇ ಅಲ್ಲಿ ಅನ್ನದ ದಾರಿ ತೋರಿಸುತ್ತದೆ.

ಹಾಗೆಂದು ನಮ್ಮ ಗೊಣಗಾಟ ಸುಳ್ಳಾಗುವುದಿಲ್ಲ. ಅದೇ ಮೇಜಿನಲ್ಲಿ ಮರುಕ್ಷಣವೇ, "ಕಾಸರಗೋಡಿನಲ್ಲಿ ಕನ್ನಡ ಆಡುವವರೂ ಇದ್ದಾರೆಯೇ?" ಎಂಬ ಪ್ರಶ್ನೆಯೂ ಬರುತ್ತದೆ. ಕೇಳುವವರಲ್ಲಿ ಕುಹಕವಿಲ್ಲ, ತಿಳಿಯದಿರುವುದಷ್ಟೆ. ಆಗ ತಲೆತಗ್ಗಿಸಿ ಹಾಂ ಹೂಂ ಎನ್ನದೆ, ನಮ್ಮದು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, ನಮ್ಮ ಮನೆಮಾತು, ಶಾಲೆಯ ಮಾತು ಇಂದಿಗೂ ಕನ್ನಡವೆಂದು ಅವರದೇ ಮಲಯಾಳದಲ್ಲಿ ನಗುನಗುತ್ತಾ ಹೇಳಬಲ್ಲವನು ನಮ್ಮ ನಾಡಿಗೆ ದೊಡ್ಡ ಸೇವೆ ಮಾಡಿದಂತೆ. ನೆರೆಯವರ ಭಾಷೆಯನ್ನು ಕಲಿತದ್ದರಿಂದ ಮನೆಯ ಭಾಷೆ ಸವೆಯುವುದಿಲ್ಲ. ಮನೆಯಲ್ಲಿ ಆಡುವುದನ್ನು ಬಿಟ್ಟರೆ ಸವೆಯುತ್ತದೆ.

ಆದುದರಿಂದ ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೆ. ಹೊರಡುವ ಮೊದಲು ಮಗನಿಗಾಗಲಿ ಮಗಳಿಗಾಗಲಿ ಗಂಜಿ ಬೇಯಿಸಿ ಚಟ್ನಿ ಅರೆಯುವುದನ್ನು ಕಲಿಸಿರಿ. ಒಂದೆರಡು ಸಲ ಮಂಗಳೂರಿಗೋ ಕಣ್ಣೂರಿಗೋ ಒಬ್ಬರನ್ನೇ ಕಳುಹಿಸಿ, ಹೋಟೆಲಿನಲ್ಲಿ ಉಂಡು ಬರಲು ಹೇಳಿರಿ. ಫೋನಿನಲ್ಲಿ "ಊಟ ಆಯಿತೇ?" ಎಂದು ಕೇಳಿ ಬಿಡಬೇಡಿರಿ. "ಎಲ್ಲಿ, ಏನು ಉಂಡೆ?" ಎಂದು ಕೇಳಿರಿ, ಕನ್ನಡದಲ್ಲೇ ಕೇಳಿರಿ.