ಸೌದೆ ಸೀಳುವ ಯಂತ್ರ: ಟನ್ ಕೇಳುವ ಮೊದಲು ಸಿಲಿಂಡರ್ ಅಳೆಯಿರಿ

ಹೈಡ್ರಾಲಿಕ್ ಸೌದೆ ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವುದೇ ‘ಎಷ್ಟು ಟನ್?’ ಎಂದು. ಮಾರುವವರಿಗೂ ಆ ಪ್ರಶ್ನೆಯೇ ಇಷ್ಟ. ಹತ್ತು, ಇಪ್ಪತ್ತು, ಮೂವತ್ತು ಎಂದು ಯಂತ್ರದ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಯೇ ಇಟ್ಟಿರುತ್ತಾರೆ. ಅದು ಎಷ್ಟು ನಿಜ ಎಂದು ಅಲ್ಲೇ ನಿಂತು ಲೆಕ್ಕ ಹಾಕಬಹುದು. ಬೇಕಾಗುವುದು ಒಂದು ಟೇಪು, ಒಂದು ಗುಣಾಕಾರ.

ಅದಕ್ಕೂ ಮೊದಲು, ನಿಮಗೆ ಇದು ಬೇಕೇ? ಹುಲಿ-ಸಿಂಹಧಾಮವಿರುವ ತ್ಯಾವರೆಕೊಪ್ಪದ ಸುತ್ತ ಗ್ಯಾಸ್ ಇಲ್ಲದ ಮನೆ ಸಿಗುವುದು ಕಷ್ಟ. ಬಚ್ಚಲಲ್ಲಿ ಹಂಡೆ ಒಲೆ ಇಟ್ಟುಕೊಂಡ ಮನೆಗಳೂ ಕಡಿಮೆಯೇನಿಲ್ಲ. ಆದರೆ ಹಂಡೆ ಒಲೆಗೆ ತೆಂಗಿನ ಮಟ್ಟೆ, ಅಡಿಕೆ ಹಾಳೆ, ತೋಟದ ಜಿಗ್ಗು ಸಾಕು. ಅಷ್ಟಕ್ಕೆ ಯಂತ್ರ ತರುವುದು ದುಂದು ಎಂದೇ ನನ್ನ ಲೆಕ್ಕ. ಅಡಿಕೆ ಬೇಯಿಸುವವರ ಕಥೆ ಬೇರೆ. ಕೊಯ್ಲು ಶುರುವಾದ ಮೇಲೆ ಒಲೆ ದಿನಗಟ್ಟಲೆ ಉರಿಯಬೇಕು, ಚೊಗರು ಕುದಿಯುತ್ತಲೇ ಇರಬೇಕು, ಕೊಡಲಿ ಹಿಡಿಯುವ ಆಳು ಆ ಹೊತ್ತಿಗೆ ಸಿಗುವುದಿಲ್ಲ. ಅಂಥ ನಾಲ್ಕೈದು ಮನೆಯವರು ಸೇರಿ ಒಂದು ಯಂತ್ರ ತಂದರೆ ಅದಕ್ಕೆ ಕೆಲಸ ಸಿಗುತ್ತದೆ.

ಯಂತ್ರದಲ್ಲಿ ಗೂಢವೇನಿಲ್ಲ. ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಟ್ಯಾಂಕಿನ ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಪಿಸ್ಟನ್ನು ಮರದ ಕುಂಟೆಯನ್ನು ಉಕ್ಕಿನ ಬೆಣೆಗೆ ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ್ದ. ಅದನ್ನು ಒತ್ತುಯಂತ್ರವಾಗಿಸಿ 1795ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ನಿಮ್ಮ ಊರಿನ ಜೆಸಿಬಿಯ ತೋಳು ಏಳುವುದೂ ಇದೇ ತತ್ವದ ಮೇಲೆ.

ಈಗ ಲೆಕ್ಕ. ಸಿಲಿಂಡರಿನ ಒಳವ್ಯಾಸ 100 ಮಿ.ಮೀ. ಎಂದುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಎಣ್ಣೆಯ ಒತ್ತಡ 170 ಬಾರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 173 ಕಿಲೋ ಭಾರ. ಗುಣಿಸಿದರೆ ಹದಿಮೂರೂವರೆ ಟನ್. ಇದೇ ಅಳತೆಯ ಸಿಲಿಂಡರಿಗೆ ‘25 ಟನ್’ ಎಂದು ಬರೆದಿದ್ದರೆ ಒತ್ತಡ ಎಷ್ಟು ಬಾರ್ ಎಂದು ಕೇಳಿ. ಉತ್ತರ ತಡವಾದರೆ ಮುಂದಿನ ಅಂಗಡಿಗೆ ಹೋಗಿ.

ಟನ್ನಿಗೆ ತೆರುವ ಬೆಲೆ ವೇಗ. ಅರ್ಧ ಮೀಟರ್ ಚಲಿಸುವ ಆ ದಪ್ಪ ಸಿಲಿಂಡರ್ ತುಂಬಲು ಸುಮಾರು ನಾಲ್ಕು ಲೀಟರ್ ಎಣ್ಣೆ ಬೇಕು. ಮನೆಯ ಸಿಂಗಲ್ ಫೇಸಿನಲ್ಲಿ ಓಡುವ 2 ಎಚ್‌ಪಿ ಮೋಟಾರು 170 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಐದು ಲೀಟರಿನ ಆಸುಪಾಸು ಮಾತ್ರ ಕೊಡಬಲ್ಲದು. ಅಂದರೆ ಒಂದು ಸೀಳಿಗೆ ಮುಕ್ಕಾಲು ನಿಮಿಷ. ಅಷ್ಟರಲ್ಲಿ ಕೈ ಪಳಗಿದವನ ಕೊಡಲಿ ಎರಡು ಕುಂಟೆ ಮುಗಿಸಿರುತ್ತದೆ! ಹಾಗಾಗಿ ಸಣ್ಣ ಮೋಟಾರಿನ ಯಂತ್ರಗಳಿಗೆ 65 ಮಿ.ಮೀ. ಆಸುಪಾಸಿನ ಸಿಲಿಂಡರ್ ಹಾಕಿರುತ್ತಾರೆ. ಬಲ ಐದೂವರೆ ಟನ್ನಿನ ಸುತ್ತಮುತ್ತ, ಕೆಲಸ ಇಪ್ಪತ್ತು ಸೆಕೆಂಡಿಗೆ. ನೇರ ಎಳೆಯ ಸಿಲ್ವರ್ ಓಕಿಗೆ ಅದು ಧಾರಾಳ.

ದೊಡ್ಡ ಯಂತ್ರಗಳಲ್ಲಿ ಎರಡು ಹಂತದ ಪಂಪು ಇರುತ್ತದೆ, ಇದನ್ನು ಕೇಳಿಯೇ ಕೊಳ್ಳಿ. ಮರ ಬೆಣೆಗೆ ತಾಗುವವರೆಗೆ ಎಣ್ಣೆ ಹೆಚ್ಚು, ಒತ್ತಡ ಕಡಿಮೆ. ಪಿಸ್ಟನ್ನು ಸರಸರ ಬರುತ್ತದೆ. ತಾಗಿದೊಡನೆ ಮೋಟಾರಿನ ದನಿ ದಪ್ಪವಾಗುತ್ತದೆ, ಚಲನೆ ನಿಧಾನವಾಗುತ್ತದೆ, ಒಳಗೆ ಒತ್ತಡ ಏರುತ್ತಿರುತ್ತದೆ. ಕುಂಟೆ ಚಟ್ಟೆಂದು ಬಾಯಿ ಬಿಟ್ಟ ಕ್ಷಣ ದನಿ ಮತ್ತೆ ಹಗುರ. ಹುಣಸೆಯಾದರೆ ಆ ಚಟ್ ಬರುವುದೇ ಇಲ್ಲ. ಹೆಣೆದುಕೊಂಡ ಎಳೆ ಒಂದೊಂದಾಗಿ ಹರಿಯುತ್ತ, ಬೆಣೆ ಕೊನೆಯವರೆಗೂ ಹೋದ ಮೇಲೂ ಎರಡು ಹೋಳು ನಾರಿನಲ್ಲಿ ಜೋತುಕೊಂಡಿರುತ್ತವೆ. ಅಂಥದ್ದನ್ನು ನಡುವೆ ಸೀಳುವ ಹಟ ಬಿಟ್ಟು ಅಂಚಿನಿಂದ ಚಕ್ಕೆ ಚಕ್ಕೆಯಾಗಿ ತೆಗೆಯಬೇಕು. ಗಂಟಿದ್ದರೆ ಗಂಟಿಲ್ಲದ ತುದಿ ಬೆಣೆಯ ಕಡೆಗಿರಲಿ. ನೀಲಗಿರಿಯನ್ನಂತೂ ಕಡಿದ ಹಸಿಯಲ್ಲೇ ಸೀಳಿ. ಒಣಗಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದ ನೀಲಗಿರಿ, ಅಕೇಶಿಯಾ ತೋಪುಗಳ ಸೀಮೆ ಇದು. ಇಲ್ಲಿ ಕೈಗೆ ಸಿಗುವ ಸೌದೆಯಲ್ಲಿ ಈ ಎರಡರ ಪಾಲು ದೊಡ್ಡದು. ಅಕೇಶಿಯಾ ಸೊಟ್ಟ ಬೆಳೆಯುವ ಮರ, ತುದಿಗಳನ್ನು ನೆಟ್ಟಗೆ ಕೊಯ್ಯದಿದ್ದರೆ ಒತ್ತುವಾಗ ಕುಂಟೆ ಪಕ್ಕಕ್ಕೆ ಜಿಗಿಯುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಅಳತೆ ಉದ್ದ. ಸಿದ್ಧ ಯಂತ್ರಗಳು ಸಾಮಾನ್ಯವಾಗಿ 50–60 ಸೆಂ.ಮೀ. ಕುಂಟೆಗೆ ಮಾಡಿದವು. ಅಡಿಕೆ ಒಲೆಗೆ ನಾವು ಹಾಕುವುದು ಮೂರಡಿಯ ಕೊರಡು. ಯಂತ್ರ ತಂದ ಮೇಲೆ ಗರಗಸದ ಕೆಲಸ, ಅದರ ಪೆಟ್ರೋಲು ಹೆಚ್ಚುತ್ತದೆ ಎಂಬುದನ್ನು ಖರ್ಚಿಗೆ ಸೇರಿಸಿ. ಉದ್ದ ಸಿಲಿಂಡರ್ ಹಾಕಿಸಿ ವರ್ಕ್‌ಶಾಪಿನಲ್ಲಿ ಮಾಡಿಸಿಕೊಳ್ಳುವ ದಾರಿಯೂ ಇದೆ. ಆಗ ದೂಲ ದಪ್ಪನಾಗಿರಲಿ. ಬೆಣೆ ಕೂತ ಕಡೆ ವೆಲ್ಡಿಂಗ್ ಸಣ್ಣದಾಗಿ ಸೀಳಿದ್ದರೂ ಯಂತ್ರ ನಿಲ್ಲಿಸಿ.

ಟ್ರ್ಯಾಕ್ಟರ್ ಇದ್ದವರು ಅದರ ಹೈಡ್ರಾಲಿಕ್ ಪೈಪಿಗೇ ಜೋಡಿಸುತ್ತಾರೆ. ಸುಲಭ, ಅಗ್ಗ. ಆದರೆ ಹಲವು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ಜೋಡಿಸುವಾಗ ಕಪ್ಲರಿಗೆ ಮೆತ್ತಿದ ಮಣ್ಣು ನೇರವಾಗಿ ಗೇರಿಗೇ ಹೋಗುತ್ತದೆ, ಒರೆಸದೆ ಸಿಕ್ಕಿಸಬೇಡಿ. ಟ್ರ್ಯಾಕ್ಟರಿನ ತಿರುಗುವ ದಂಡಕ್ಕೆ (ಪಿಟಿಒ) ಸಿಕ್ಕಿಸುವ ತಿರುಪಿನ ಶಂಕುವಿನ ಯಂತ್ರ ಮಾತ್ರ ನನಗೆ ಹಿಡಿಸುವುದಿಲ್ಲ. ಲುಂಗಿ, ಟವೆಲು, ಸೀರೆಯ ಸೆರಗು ಸಿಕ್ಕಿದರೆ ಅದು ಬಿಡುವುದಿಲ್ಲ.

ಹೈಡ್ರಾಲಿಕ್ಕಿನಲ್ಲಿ ಅಪಾಯ ನಿಧಾನಕ್ಕೆ ಬರುವುದರಿಂದಲೇ ಜನ ಮೈಮರೆಯುತ್ತಾರೆ. ಕುಂಟೆ ಇಡುವವರೊಬ್ಬರು, ಹಿಡಿ ಎಳೆಯುವವರೊಬ್ಬರು ಆದಾಗ ಬೆರಳು ಹೋಗುತ್ತದೆ. ಇಡುವ ಕೈಯೇ ಹಿಡಿಯನ್ನೂ ಎಳೆಯಬೇಕು, ಉಳಿದವರು ದೂರ ಇರಬೇಕು. ಎರಡು ಕೈಯಲ್ಲಿ ಎರಡು ಹಿಡಿ ಒತ್ತಿದರೆ ಮಾತ್ರ ಓಡುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಆ ಎರಡನೆಯ ಹಿಡಿಗೆ ಹಗ್ಗ ಕಟ್ಟಿ ‘ಸುಲಭ’ ಮಾಡಿಕೊಳ್ಳುವವರೂ ಇದ್ದಾರೆ. ಪೈಪಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆ ಇದ್ದರೂ ಅದು ಕೂಡಲೇ ಆಸ್ಪತ್ರೆಗೆ ಓಡಬೇಕಾದ ಗಾಯ. ರಟ್ಟಿನ ತುಂಡು ಹಿಡಿದು ನೋಡಿ, ಯಂತ್ರ ನಿಲ್ಲಿಸಿ ಪೈಪು ಬದಲಿಸಿ. ಜೆಸಿಬಿ ಪೈಪು ಒತ್ತಿಕೊಡುವ ಅಂಗಡಿಯಲ್ಲಿ ಅದೇ ಅಳತೆಯದು ಮಾಡಿಕೊಡುತ್ತಾರೆ.

ಇನ್ನು ಯಾವಾಗ ಸೀಳಬೇಕು ಎಂಬುದು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಯ ಕಾವು ಮೊದಲು ಆ ನೀರನ್ನು ಆವಿ ಮಾಡಲು ಹೋಗುತ್ತದೆ. ತೇವ ಶೇ. 20ಕ್ಕಿಂತ ಕೆಳಗಿಳಿದರೆ ಹೊಗೆ ಕಡಿಮೆ, ಉರಿ ಹೆಚ್ಚು. ಸೀಳಿದರೆ ಒಳಮೈ ಗಾಳಿಗೆ ತೆರೆದುಕೊಂಡು ಬೇಗ ಒಣಗುತ್ತದೆ. ಹಾಗಾಗಿ ಯಂತ್ರದ ಕೆಲಸ ಶಿವರಾತ್ರಿಯ ಆಸುಪಾಸಿಗೆ ಮುಗಿದು, ಸೌದೆ ಬೇಸಿಗೆ ಪೂರ್ತಿ ಬಿಸಿಲು ಕಂಡು, ಮೃಗಶಿರ ಮಳೆ ಹಿಡಿಯುವ ಮೊದಲು ಕೊಟ್ಟಿಗೆ ಸೇರಬೇಕು. ಕಡಿಯುವುದು ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಯಾವ ಜಾತಿಗೆ ಅನುಮತಿ ಬೇಕು ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಗರಗಸ ಎತ್ತಿ.

ಮಳೆಗಾಲದಲ್ಲಿ ಯಂತ್ರ ಮೂಲೆಗೆ ಸೇರುವಾಗ ಪಿಸ್ಟನ್ ರಾಡನ್ನು ಪೂರ್ತಿ ಒಳಗೆ ಎಳೆದಿಡಿ. ಹೊರಗೆ ಬಿಟ್ಟ ರಾಡಿಗೆ ತುಕ್ಕು ಹಿಡಿದರೆ ಮುಂದಿನ ವರ್ಷ ಮೊದಲ ಎಳೆತದಲ್ಲೇ ಸೀಲು ಹರಿಯುತ್ತದೆ. ಮತ್ತೆ ಹೊರತೆಗೆದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಟ್ಯಾಂಕು ಖಾಲಿ ಮಾಡಿ, ನಮ್ಮ ಸೆಕೆಗೆ ಹೊಂದುವ 46ನೇ ದರ್ಜೆಯ ಹೈಡ್ರಾಲಿಕ್ ಎಣ್ಣೆ ತುಂಬಿ, ಫಿಲ್ಟರನ್ನೂ ಬದಲಿಸಿ.