ಮೀಸಲು ಪ್ರತಿಯ ಪರೀಕ್ಷೆ

೨೦೧೯ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ ನದಿಯೂ ಅದರತ್ತ ಹರಿದುಬರುವ ದೂಧಗಂಗಾ, ವೇದಗಂಗಾ ಹೊಳೆಗಳೂ ದಡ ಮೀರಿ ಹರಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಇಂತಹ ಪ್ರವಾಹದಲ್ಲಿ ಗೋಡೆ ಕುಸಿಯುತ್ತದೆ, ಬೆಳೆ ಕೊಳೆಯುತ್ತದೆ. ಅವುಗಳ ಜೊತೆಗೆ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಕಾಗದಪತ್ರಗಳೂ ನೀರುಪಾಲಾಗುತ್ತವೆ. ಗೋಡೆಯನ್ನು ಮತ್ತೆ ಕಟ್ಟಬಹುದು. ಹೊಲ ತನ್ನದೆಂದು ತೋರಿಸುವ ಕಾಗದವನ್ನು ರೈತನು ತಾನೇ ಬರೆದುಕೊಳ್ಳಲಾರನು. ಅದರ ಮತ್ತೊಂದು ಪ್ರತಿ ಬೇರೆಲ್ಲಿಯೋ ಭದ್ರವಾಗಿರಬೇಕು. ಕೇಳಿದಾಗ ಅದು ಕೈಗೆ ಸಿಗಬೇಕು.

ಈ ಭಾಗದ ಜನರು ಪಹಣಿಯನ್ನು ‘ಉತಾರ’ ಎಂದು ಕರೆಯುತ್ತಾರೆ. ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕ ಸರ್ಕಾರವು ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಆದುದರಿಂದ ಮನೆಯ ಉತಾರ ನೆನೆದು ಹೋದರೂ ಹೊಸ ಪ್ರತಿ ಪಡೆಯಲು ದಾರಿಯುಂಟು. ಆದರೆ ಕೇಳುವುದು ಹೇಗೆ? ಊರಿನ ಕಟ್ಟೆಯ ಮೇಲೆ ಮಾತನಾಡುವಾಗ “ನಲವತ್ತೈದನೆಯ ನಂಬರಿನ ಹೊಲ” ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅಷ್ಟು ಸಾಲದು. ಸರ್ವೆ ನಂಬರು ನಲವತ್ತೈದು ಎಂಬುದು ಅನೇಕ ಗ್ರಾಮಗಳಲ್ಲಿಯೂ ಇರುತ್ತದೆ. ಗ್ರಾಮ, ಹೋಬಳಿ, ತಾಲ್ಲೂಕು, ಹಿಸ್ಸಾ ಇವೆಲ್ಲವನ್ನೂ ಹೇಳಿದಾಗ ಮಾತ್ರ ಒಂದೇ ಒಂದು ಹೊಲ ಗೊತ್ತಾಗುತ್ತದೆ. ೨೦೧೭ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದಂತೆ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ಹೊಸ ತಾಲ್ಲೂಕುಗಳಾದ ಮೇಲೆ, ಅಲ್ಲಿನ ಹೊಲಗಳ ವಿಳಾಸದಲ್ಲಿ ತಾಲ್ಲೂಕಿನ ಹೆಸರೂ ಬದಲಾಯಿತು.

ಇಲ್ಲಿ ಎರಡು ಪ್ರಶ್ನೆಗಳಿವೆ. ಇಟ್ಟ ಪ್ರತಿಯು ಕೆಡದೆ ಉಳಿದಿದೆಯೇ ಎಂಬುದು ಒಂದು. ಕರೆದ ಹೆಸರಿಗೆ ಒಂದೇ ವಸ್ತು ಓಗೊಡುತ್ತದೆಯೇ ಎಂಬುದು ಇನ್ನೊಂದು. ಕಾಗದದ ದಾಖಲೆಗೆ ಸಲ್ಲುವ ಈ ಪ್ರಶ್ನೆಗಳು ಗಣಕಯಂತ್ರದ ತಂತ್ರಾಂಶಕ್ಕೂ ಸಲ್ಲುತ್ತವೆ.

ತಂತ್ರಾಂಶವೆಂಬುದು ಗಣಕಯಂತ್ರಕ್ಕೆ ಮನುಷ್ಯನು ಬರೆದುಕೊಟ್ಟ ಆಜ್ಞೆಗಳ ಸಮೂಹ. ಅದನ್ನು ಒಮ್ಮೆ ಬರೆದು ಮುಗಿಸಲಾಗುವುದಿಲ್ಲ; ತಿದ್ದುತ್ತಲೇ ಇರಬೇಕಾಗುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕಬ್ಬಿನ ಗಾಡಿಯ ತೂಕದಿಂದ ಬರಿಗಾಡಿಯ ತೂಕವನ್ನು ಕಳೆದು, ರೈತನಿಗೆ ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕುವ ತಂತ್ರಾಂಶವೊಂದಿದೆ. ಹಂಗಾಮಿನ ನಡುವೆ ಅದರ ಒಂದು ಸಾಲನ್ನು ತಿದ್ದಲಾಯಿತು. ಮರುವರ್ಷ ರೈತನೊಬ್ಬನು ತನ್ನ ರಸೀದಿಯನ್ನು ಹಿಡಿದು ಬಂದು, ಅಂದಿನ ಲೆಕ್ಕದಲ್ಲಿ ತನಗೆ ಕಡಿಮೆ ಹಣ ಬಂದಿದೆಯೆಂದು ಹೇಳುತ್ತಾನೆ. ಅವನ ಮಾತು ನಿಜವೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಇಂದಿನ ತಂತ್ರಾಂಶವನ್ನು ನೋಡಿದರೆ ಪ್ರಯೋಜನವಿಲ್ಲ. ಅಂದು ನಡೆಯುತ್ತಿದ್ದ ತಂತ್ರಾಂಶವೇ ಬೇಕು.

ಇಂತಹ ಅಗತ್ಯಕ್ಕಾಗಿ ಹುಟ್ಟಿದ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಇದರಲ್ಲಿ ಪ್ರತಿಯೊಂದು ತಿದ್ದುಪಡಿಯೂ, ಅದನ್ನು ಮಾಡಿದವರ ಹೆಸರು, ದಿನ, ವೇಳೆ, ಕಾರಣಗಳೊಡನೆ ಭಂಡಾರದಲ್ಲಿ ದಾಖಲಾಗುತ್ತದೆ. ಹೀಗೆ ದಾಖಲಾದ ಒಂದೊಂದು ಹಂತವನ್ನೂ ‘ಕಮಿಟ್’ ಎನ್ನುತ್ತಾರೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಗಿಟ್’ ಎಂಬ ವ್ಯವಸ್ಥೆಯನ್ನು ೨೦೦೫ರಲ್ಲಿ ಲೀನಸ್ ಟೊರ್ವಾಲ್ಡ್ಸ್ ರಚಿಸಿದರು. ಲಿನಕ್ಸ್ ಎಂಬ ತಂತ್ರಾಂಶದ ತಿದ್ದುಪಡಿಗಳನ್ನು ಕಾಪಾಡಿಡಲು ಅಲ್ಲಿಯವರೆಗೆ ಬಳಸುತ್ತಿದ್ದ ಬೇರೊಂದು ವ್ಯವಸ್ಥೆಯ ಉಚಿತ ಬಳಕೆ ನಿಂತುಹೋದುದೇ ಅದರ ಹುಟ್ಟಿಗೆ ಕಾರಣವಾಯಿತು.

ಗಿಟ್ ತನ್ನ ಕಮಿಟ್‌ಗಳಿಗೆ ಹೆಸರಿಡುವ ರೀತಿ ವಿಶೇಷವಾದುದು. ಅದು ಒಂದು, ಎರಡು, ಮೂರು ಎಂದು ಎಣಿಸುವುದಿಲ್ಲ. ಕಮಿಟ್‌ನಲ್ಲಿರುವ ಬರಹವನ್ನೆಲ್ಲ ಒಂದು ಗಣಿತಕ್ರಮಕ್ಕೆ ಒಳಪಡಿಸಿ, ಅದರಿಂದ ನಲವತ್ತು ಚಿಹ್ನೆಗಳ ಒಂದು ಹೆಸರನ್ನು ಪಡೆಯುತ್ತದೆ. ಇದಕ್ಕೆ ‘ಹ್ಯಾಷ್’ ಎಂದು ಹೆಸರು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು, ಇಂಗ್ಲಿಷಿನ ಎ ಮೊದಲಾಗಿ ಎಫ್‌ವರೆಗಿನ ಆರು ಅಕ್ಷರಗಳು, ಹೀಗೆ ಹದಿನಾರು ಚಿಹ್ನೆಗಳು ಮಾತ್ರ ಅದರಲ್ಲಿ ಬರುತ್ತವೆ. ಬರಹದಲ್ಲಿ ಒಂದು ಚುಕ್ಕೆ ಬದಲಾದರೂ ಹೆಸರು ಗುರುತು ಸಿಗದಷ್ಟು ಬದಲಾಗುತ್ತದೆ. ಹಿಂದಿನ ಕಮಿಟ್‌ನ ಹೆಸರೂ ಮುಂದಿನದರ ಒಳಗೆ ಬರೆಯಲ್ಪಡುವುದರಿಂದ ಅವೆಲ್ಲವೂ ಸರಪಳಿಯ ಕೊಂಡಿಗಳಂತೆ ಬೆಸೆದುಕೊಂಡಿರುತ್ತವೆ. ಆದುದರಿಂದ ಹ್ಯಾಷ್ ಎಂಬುದು ಹೆಸರೂ ಹೌದು, ಮೊಹರೂ ಹೌದು.

ನಲವತ್ತು ಚಿಹ್ನೆಗಳನ್ನು ಬಾಯಲ್ಲಿ ಹೇಳುವುದು ಕಷ್ಟ. ಆದುದರಿಂದ ಮೊದಲ ಕೆಲವನ್ನಷ್ಟೇ ಹೇಳುವ ರೂಢಿ ಬೆಳೆದಿದೆ. ‘೪-ಸಿ-೯-ಎ-೧-ಎಫ್-೭’ ಎಂಬಂತಹ ಏಳು ಚಿಹ್ನೆಗಳ ಕಿರುಹೆಸರನ್ನು ಕೊಟ್ಟರೆ ಗಿಟ್ ಪೂರ್ಣ ಹೆಸರನ್ನು ಹುಡುಕಿಕೊಳ್ಳುತ್ತದೆ. ಏಳು ಚಿಹ್ನೆಗಳಿಂದ ಸುಮಾರು ೨೬ ಕೋಟಿ ೮೪ ಲಕ್ಷ ಹೆಸರುಗಳನ್ನು ರಚಿಸಬಹುದು. ಇಷ್ಟಿರುವಾಗ ಎರಡು ಹೆಸರುಗಳು ಕೂಡಿಬರುವುದುಂಟೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಗಣಿತವು ಬೇರೆಯದನ್ನೇ ಹೇಳುತ್ತದೆ. ವರ್ಷಕ್ಕೆ ೩೬೫ ದಿನಗಳಿದ್ದರೂ, ಇಪ್ಪತ್ತಮೂರು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ಅದೇ ನ್ಯಾಯದಿಂದ, ಭಂಡಾರದಲ್ಲಿ ಸುಮಾರು ಹತ್ತೊಂಬತ್ತು ಸಾವಿರ ವಸ್ತುಗಳು ಸೇರುವಷ್ಟರಲ್ಲಿ, ಯಾವುವಾದರೂ ಎರಡರ ಮೊದಲ ಏಳು ಚಿಹ್ನೆಗಳು ಒಂದೇ ಆಗಿರುವ ಸಂಭವ ಅರ್ಧದಷ್ಟಾಗುತ್ತದೆ. ಆದುದರಿಂದಲೇ ಲಿನಕ್ಸ್ ಬಳಗದವರು ಕಮಿಟ್ ಒಂದನ್ನು ಹೆಸರಿಸುವಾಗ ಕನಿಷ್ಠ ಹನ್ನೆರಡು ಚಿಹ್ನೆಗಳನ್ನು ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದಾರೆ. ಭಂಡಾರ ಬೆಳೆದಂತೆ ಗಿಟ್ ಕೂಡ ತಾನು ತೋರಿಸುವ ಕಿರುಹೆಸರನ್ನು ಉದ್ದಮಾಡಿಕೊಳ್ಳುತ್ತದೆ. ಆದರೆ ಹತ್ತು ವರ್ಷದ ಹಿಂದೆ ಪತ್ರದಲ್ಲಿ ಬರೆದಿಟ್ಟ ಕಿರುಹೆಸರು ತಾನಾಗಿ ಉದ್ದವಾಗದು.

ಇಲ್ಲಿಯೇ ಮೀಸಲು ಪ್ರತಿಯ ವಿಷಯ ಬರುತ್ತದೆ. ಯಂತ್ರ ಕೆಟ್ಟರೆ, ಕಳವಾದರೆ, ನೀರಿನಲ್ಲಿ ಮುಳುಗಿದರೆ ಕೆಲಸ ನಿಲ್ಲಬಾರದೆಂದು ಭಂಡಾರದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುತ್ತಾರೆ. ಅದನ್ನು ‘ಬ್ಯಾಕಪ್’ ಎನ್ನುವುದೂ ಉಂಟು. ಕೆಲವೆಡೆ ಅನೇಕ ಭಂಡಾರಗಳನ್ನು ಕೂಡಿಸಿ ಒಂದೇ ದೊಡ್ಡ ಭಂಡಾರದಲ್ಲಿ ಕಾಪಾಡುತ್ತಾರೆ. ಆಗ ಮೂಲದಲ್ಲಿ ಒಂದನ್ನೇ ಸೂಚಿಸುತ್ತಿದ್ದ ಕಿರುಹೆಸರು ಮೀಸಲು ಪ್ರತಿಯಲ್ಲಿ ಎರಡನ್ನೋ ಮೂರನ್ನೋ ಸೂಚಿಸಬಹುದು. ಊರಿನಲ್ಲಿ ಸಾಕಾಗಿದ್ದ ಸರ್ವೆ ನಂಬರು ತಾಲ್ಲೂಕಿನ ಕಚೇರಿಯಲ್ಲಿ ಸಾಲದೆ ಹೋದಂತೆಯೇ ಇದು. ಮಾತಿನಲ್ಲಿ ಕಿರುಹೆಸರು ನಡೆದೀತು. ದಾಖಲೆಯ ಪುಸ್ತಕದಲ್ಲಿ ಪೂರ್ಣ ಹೆಸರೇ ಇರಬೇಕು.

ಮೀಸಲು ಪ್ರತಿ ಇದೆ ಎಂಬ ನಂಬಿಕೆಯೇ ಕೆಲವೊಮ್ಮೆ ಮೋಸ ಮಾಡುತ್ತದೆ. ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿ ೨೦೧೩ರ ಮಾರ್ಚ್ ತಿಂಗಳಿನಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ಸುಮಾರು ಸಾವಿರದ ಐನೂರು ಗಿಟ್ ಭಂಡಾರಗಳಿದ್ದ ಅವರ ಮುಖ್ಯ ಯಂತ್ರದ ಕಡತವ್ಯವಸ್ಥೆ ಕೆಟ್ಟಿತು. ಅದರ ಪಡಿಯಚ್ಚುಗಳನ್ನು ಇಟ್ಟುಕೊಂಡಿದ್ದ ಬೇರೆ ಬೇರೆ ಯಂತ್ರಗಳು ಮುಖ್ಯ ಯಂತ್ರವನ್ನು ಕುರುಡಾಗಿ ಅನುಸರಿಸಿ, ಕೆಟ್ಟುದನ್ನೂ ನಕಲು ಮಾಡಿಕೊಂಡವು. ಕೆಡುಕು ತಲುಪದೆ ಉಳಿದಿದ್ದ ಒಂದು ಯಂತ್ರದಿಂದ ಎಲ್ಲವೂ ಬದುಕಿಕೊಂಡಿತು. ಕನ್ನಡಿಯು ಎದುರಿನ ಮುಖವನ್ನು ತೋರಿಸುತ್ತದೆಯೇ ಹೊರತು ನಿನ್ನೆಯ ಮುಖವನ್ನು ಕಾಪಾಡುವುದಿಲ್ಲ.

ಇನ್ನೊಂದು ಘಟನೆ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆಯಿತು. ದುರಸ್ತಿಯ ಕೆಲಸದಲ್ಲಿದ್ದ ತಂತ್ರಜ್ಞರೊಬ್ಬರು ಒಂದು ಯಂತ್ರವೆಂದು ತಿಳಿದು ಇನ್ನೊಂದರಲ್ಲಿದ್ದ ದತ್ತಾಂಶವನ್ನು ಅಳಿಸಿದರು. ಮೀಸಲು ಪ್ರತಿಯನ್ನು ತೆರೆಯಹೋದಾಗ ಅದನ್ನಿಡುತ್ತಿದ್ದ ಸ್ಥಳ ಬರಿದಾಗಿತ್ತು. ಪ್ರತಿ ಮಾಡುವ ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು. ಅದನ್ನು ತಿಳಿಸಬೇಕಾಗಿದ್ದ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತೆಗೆದಿದ್ದ ಪ್ರತಿಯೊಂದು ನೆರವಿಗೆ ಬಂದಿತು. ಗಿಟ್ ಭಂಡಾರಗಳು ಉಳಿದವಾದರೂ ಆ ಆರು ಗಂಟೆಗಳಲ್ಲಿ ಜನರು ಬರೆದ ಸಾವಿರಾರು ಟಿಪ್ಪಣಿಗಳು ಮರಳಲಿಲ್ಲ. ಆ ಸಂಸ್ಥೆ ತನ್ನ ತಪ್ಪನ್ನು ಮುಚ್ಚಿಡದೆ ಸವಿವರವಾಗಿ ಪ್ರಕಟಿಸಿದುದರಿಂದ ಇತರರಿಗೂ ಪಾಠವಾಯಿತು.

ಹಾಗಾದರೆ ಪರೀಕ್ಷೆ ಹೇಗಿರಬೇಕು? ಮೊದಲನೆಯದಾಗಿ, ಮೀಸಲು ಪ್ರತಿಯನ್ನು ಬರಿದಾದ ಬೇರೊಂದು ಯಂತ್ರದಲ್ಲಿ ತೆರೆಯಬೇಕು. ಮೂಲದ ಪಕ್ಕದಲ್ಲಿಯೇ ತೆರೆದರೆ, ಸಿಕ್ಕಿದ್ದು ಮೀಸಲಿನಿಂದಲೋ ಮೂಲದಿಂದಲೋ ತಿಳಿಯದು. ಎರಡನೆಯದಾಗಿ, ಅಲ್ಲಿರುವ ಪ್ರತಿಯೊಂದು ವಸ್ತುವಿನ ಹ್ಯಾಷನ್ನೂ ಹೊಸದಾಗಿ ಲೆಕ್ಕ ಹಾಕಿಸಿ, ಅದರ ಹೆಸರಿನೊಡನೆ ಹೋಲಿಸಬೇಕು. ಗಿಟ್‌ನಲ್ಲಿ ಇದಕ್ಕೆ ತಕ್ಕ ಆಜ್ಞೆಯಿದೆ. ಮೂರನೆಯದಾಗಿ, ಭಂಡಾರದ ಹೊರಗೆ ಇಟ್ಟುಕೊಂಡ ಪಟ್ಟಿಯಿಂದ ಹೊಸದು, ಹಳೆಯದು, ಅತ್ಯಂತ ಹಳೆಯದು ಎಂದು ಕೆಲವು ಕಮಿಟ್‌ಗಳನ್ನು ಆರಿಸಿ, ಕಿರುಹೆಸರಿನಿಂದ ಕರೆಯಬೇಕು. ಬಂದ ಉತ್ತರದ ಪೂರ್ಣ ಹೆಸರು ಪಟ್ಟಿಯಲ್ಲಿರುವುದಕ್ಕೆ ಸರಿಹೊಂದಬೇಕು. ಹೊರಗಿನ ಪಟ್ಟಿ ಏಕೆಂದರೆ, ಇಲ್ಲದ ವಸ್ತು ತಾನು ಇಲ್ಲವೆಂದು ದೂರು ಹೇಳುವುದಿಲ್ಲ. ಯಾವ ಶಾಖೆಗೂ ಸೇರದೆ ಉಳಿದ ಕಮಿಟ್ ನಕಲಿಗೆ ಬಾರದೆ ಹೋಗಬಹುದು. ಉಳಿದುದೆಲ್ಲ ಸರಿಯಾಗಿರುವಾಗ ಅದರ ಕೊರತೆ ಯಾರ ಕಣ್ಣಿಗೂ ಬೀಳದು.

ನಾಲ್ಕನೆಯದು ಸಾಮಾನ್ಯವಾಗಿ ಮರೆತುಹೋಗುವ ಪರೀಕ್ಷೆ. ಎರಡು ಕಮಿಟ್‌ಗಳಿಗೆ ಸಲ್ಲುವ ಕಿರುಹೆಸರನ್ನೂ, ಯಾವುದಕ್ಕೂ ಸಲ್ಲದ ಹೆಸರನ್ನೂ ಬೇಕೆಂದೇ ಕೇಳಿನೋಡಬೇಕು. ಮೊದಲನೆಯದಕ್ಕೆ “ಸಂದಿಗ್ಧ” ಎಂದೂ ಎರಡನೆಯದಕ್ಕೆ “ಇಲ್ಲ” ಎಂದೂ ಉತ್ತರ ಬರಬೇಕು. ಯಂತ್ರವು ಎರಡರಲ್ಲಿ ಯಾವುದೋ ಒಂದನ್ನು ಸುಮ್ಮನೆ ಎತ್ತಿಕೊಟ್ಟರೆ, ಅದು ಏನೂ ಕೊಡದಿರುವುದಕ್ಕಿಂತ ಹೆಚ್ಚಿನ ಅಪಾಯ. ತಪ್ಪು ಉತಾರವನ್ನು ಕೈಗಿತ್ತು ಕಳಿಸಿದಂತೆ. ಕೊನೆಯದಾಗಿ, ಹೊರತೆಗೆದ ಹಳೆಯ ತಂತ್ರಾಂಶವನ್ನು ನಡೆಯಿಸಿ, ಅಂದಿನ ಅಂಕಿಗಳಿಗೆ ಅಂದಿನ ಉತ್ತರವೇ ಬರುವುದೇ ಎಂದು ನೋಡಬೇಕು. ಪರೀಕ್ಷೆಯ ದಿನಾಂಕವನ್ನೂ ತಗುಲಿದ ಕಾಲವನ್ನೂ ಬರೆದಿಟ್ಟು, ನಿಯತ ಅವಧಿಗೊಮ್ಮೆ ಇದನ್ನು ಪುನಃ ನಡೆಸಬೇಕು.

ಮೇಲೆ ಹೇಳಿದ ಕಬ್ಬಿನ ರೈತನ ಕೈಯಲ್ಲಿರುವುದು ಒಂದು ರಸೀದಿ. ಅದರ ಮೂಲೆಯಲ್ಲಿ ಅಂದಿನ ತಂತ್ರಾಂಶದ ಕಿರುಹೆಸರು ಅಚ್ಚಾಗಿದ್ದರೆ, ಆ ಏಳು ಚಿಹ್ನೆಗಳೇ ಅವನ ಸಾಕ್ಷಿ. ಅವುಗಳನ್ನು ಹಿಡಿದು ಹುಡುಕಿದಾಗ ಅಂದಿನ ಲೆಕ್ಕ ಸಿಕ್ಕರೆ, ಗೆದ್ದರೂ ಸೋತರೂ ಅವನಿಗೆ ನ್ಯಾಯ ದೊರೆತಂತಾಗುತ್ತದೆ. ಸಿಗದೆ ಹೋದರೆ, ಕಳೆದುಹೋದದ್ದು ಯಂತ್ರದ ಬರಹವೇ ಆದರೂ ನಷ್ಟವೆಲ್ಲ ಅವನದೇ. ಹೊಳೆಯ ದಂಡೆಯ ಹಳ್ಳಿಯವರು ದೋಣಿಯನ್ನು ಮಳೆಗಾಲಕ್ಕೆ ಮುಂಚೆಯೇ ನೀರಿಗಿಳಿಸಿ, ಎಲ್ಲಿ ಸೋರುತ್ತದೆಂದು ನೋಡುತ್ತಾರೆ. ಮೀಸಲು ಪ್ರತಿಯನ್ನೂ ಅದು ಬೇಕಾಗುವ ದಿನಕ್ಕೆ ಮುಂಚೆಯೇ ತೆರೆದು ನೋಡುವುದು ವಿವೇಕ.