‘ಬೇರೆ ಯಾವ ಅನುಮಾನವೂ ಇರುವುದಿಲ್ಲ’

ನಮ್ಮ ಪೊಲೀಸ್ ಠಾಣೆಗಳ ಯುಡಿಆರ್ ಕಡತಗಳಲ್ಲಿ, ಅಂದರೆ ಅಸ್ವಾಭಾವಿಕ ಸಾವಿನ ಕಡತಗಳಲ್ಲಿ, ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದು ವಾಕ್ಯವಿದೆ: ‘ಮೃತರ ಸಾವಿನಲ್ಲಿ ಬೇರೆ ಯಾವ ಅನುಮಾನವೂ ಇರುವುದಿಲ್ಲ, ಮುಂದಿನ ಕ್ರಮ ಜರುಗಿಸಬೇಕೆಂದು ಕೋರಿಕೆ.’ ಹಾವು ಕಚ್ಚಿ ಸತ್ತವನ ಹೆಂಡತಿಯಿರಲಿ, ಬಾವಿಗೆ ಬಿದ್ದವಳ ಅಣ್ಣನಿರಲಿ, ದೂರಿನ ಧಾಟಿ ಒಂದೇ. ಎಷ್ಟೋ ಸಲ ಅದನ್ನು ಬರೆದುಕೊಡುವವರು ಠಾಣೆಯ ರೈಟರ್ ಇಲ್ಲವೇ ಊರಿನ ತಿಳಿದವರೊಬ್ಬರು. ಅಳುತ್ತ ನಿಂತ ಮನೆಯವರು ಓದಿ ನೋಡದೆ ರುಜು ಹಾಕುತ್ತಾರೆ. ಸಾವು ಹೇಗಾಯಿತೆಂದು ಹುಡುಕುವ ಕೆಲಸ ಇನ್ನೂ ಶುರುವಾಗಿಯೇ ಇರುವುದಿಲ್ಲ, ಉತ್ತರ ಆಗಲೇ ಕಾಗದದ ಮೇಲೆ ಕೂತಿರುತ್ತದೆ. ‘ಕಾರಣ ನಮಗೆ ತಿಳಿಯದು, ಪತ್ತೆ ಮಾಡಿ’ ಎಂದು ಬರೆದುಕೊಡಲು ಯಾವ ಅಡ್ಡಿಯೂ ಇಲ್ಲವೆಂದು ಅವರಿಗೆ ಹೇಳುವವರಿಲ್ಲ.

ಕಾನೂನಾದರೂ ಮನೆಯವರ ಅನುಮಾನಕ್ಕೆ ಕಾಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಇಂಥ ಸಾವುಗಳದ್ದೇ. ಹಳೆಯ ಸಿಆರ್‌ಪಿಸಿಯಲ್ಲಿ ಇದು 174 ಆಗಿತ್ತು. ಪೊಲೀಸರ ಬಾಯಲ್ಲಿ ಆ ಸಂಖ್ಯೆ ಇನ್ನೂ ಉಳಿದಿದೆ. ಆತ್ಮಹತ್ಯೆ, ಕೊಲೆ, ಅಪಘಾತ, ಪ್ರಾಣಿಯಿಂದಲೋ ಯಂತ್ರದಿಂದಲೋ ಆದ ಸಾವು, ಸಂಶಯ ಹುಟ್ಟಿಸುವ ಸಾವು – ಸುದ್ದಿ ಬಂದ ಕೂಡಲೇ ಠಾಣಾಧಿಕಾರಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಶವವಿರುವ ಜಾಗಕ್ಕೆ ಹೋಗಬೇಕು, ನೆರೆಹೊರೆಯ ಇಬ್ಬರಾದರೂ ಗೌರವಸ್ಥರ ಎದುರು ಶವಪಂಚನಾಮೆ ಬರೆಯಬೇಕು. ವರದಿ 24 ಗಂಟೆಯೊಳಗೆ ಮೇಲಕ್ಕೆ ಹೋಗಬೇಕೆಂಬುದು ಹೊಸ ಸಂಹಿತೆ ಸೇರಿಸಿದ ಗಡುವು.

ಪಂಚನಾಮೆಯ ಜೀವ ಇರುವುದು ಸಣ್ಣ ವಿವರಗಳಲ್ಲಿ. ತೋಟದಲ್ಲಿ ಕರೆಂಟ್ ಹೊಡೆದು ಒಬ್ಬ ಸತ್ತನೆನ್ನಿ. ಅಂಗೈಯಲ್ಲಿ ಸುಟ್ಟ ಗುರುತಿದೆಯೇ? ಕಾಲಲ್ಲಿ ಚಪ್ಪಲಿ ಇತ್ತೇ? ನೆಲ ಒದ್ದೆಯಾಗಿತ್ತೇ? ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆರೆದಿತ್ತೇ, ಜೋತುಬಿದ್ದ ತಂತಿ ಯಾರದ್ದು? ಎಸ್ಕಾಂನಿಂದ ಬರಬೇಕಾದ ಪರಿಹಾರವೂ ಇಂಥ ವಿವರಗಳ ಮೇಲೆಯೇ ನಿಂತಿದೆ. ಪೊಲೀಸರು ಬರುವಷ್ಟರಲ್ಲಿ ಶವ ಮನೆಯ ಜಗುಲಿಗೆ ಬಂದು, ಮೈ ಒರೆಸಿ, ಪಂಚೆ ಬದಲಿಸಿ ಆಗಿರುತ್ತದೆ. ಯಾರೋ ಪುಣ್ಯಾತ್ಮರು ತಂತಿಯನ್ನೂ ಎತ್ತಿ ಕಟ್ಟಿರುತ್ತಾರೆ. ಪಂಚರು ಕಂಡದ್ದಕ್ಕೆ ರುಜು ಹಾಕಬೇಕು. ಕಾಣುವುದಕ್ಕೆ ಉಳಿದಿರುವುದು ಹೂವು, ಊದುಬತ್ತಿ.

ಹಾಗೆಂದು ಪಂಚನಾಮೆಯಿಂದ ಎಲ್ಲವನ್ನೂ ಬಯಸುವಂತಿಲ್ಲ. ಸಾವಿಗೆ ಮೇಲ್ನೋಟದ ಕಾರಣವೇನು ಎಂಬುದಷ್ಟೇ ಅದರ ವ್ಯಾಪ್ತಿ, ಯಾರು ಹೊಡೆದರು, ಹೇಗೆ ಹೊಡೆದರು ಎಂಬುದಲ್ಲ ಎಂದು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ, ಪೆದ್ದ ನಾರಾಯಣ ಪ್ರಕರಣದಲ್ಲಿ, ಹೇಳಿದೆ. ಮುಂದಿನದ್ದು ವೈದ್ಯರ ಪಾಲು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಅನುಮಾನಾಸ್ಪದವಾಗಿ ಸತ್ತರೆ ಅಥವಾ ಸಾವಿನ ಕಾರಣ ಸ್ಪಷ್ಟವಿಲ್ಲದಿದ್ದರೆ ಶವ ಮರಣೋತ್ತರ ಪರೀಕ್ಷೆಗೆ ಹೋಗಬೇಕು. ಏಳು ವರ್ಷದ ಪ್ರಕರಣಗಳಲ್ಲಿ ತಹಶೀಲ್ದಾರರೇ ಬಂದು ಪಂಚನಾಮೆ ನಡೆಸುವುದು ನಮ್ಮಲ್ಲಿ ರೂಢಿ. ಕಸ್ಟಡಿ ಸಾವಾದರೆ ವಿಚಾರಣೆ ನ್ಯಾಯಾಂಗ ಮ್ಯಾಜಿಸ್ಟ್ರೇಟರದು. ‘ಹವೆಯೂ ದೂರವೂ ಅನುಕೂಲವಾಗಿದ್ದು, ಶವ ದಾರಿಯಲ್ಲಿ ಕೊಳೆಯುವಂತಿಲ್ಲದಿದ್ದರೆ’ ಕಳಿಸಬೇಕೆಂಬ ಎತ್ತಿನಗಾಡಿ ಕಾಲದ ಷರತ್ತು ಆಂಬುಲೆನ್ಸ್ ಯುಗದ ಸಂಹಿತೆಯಲ್ಲೂ ಹಾಗೇ ಇದೆ!

‘ಕುಯ್ಯಿಸಬೇಡಿ ಸ್ವಾಮಿ’ ಎಂಬ ಬೇಡಿಕೆ ಏಳುವುದು ಇಲ್ಲೇ. ಆ ಸಂಕಟವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹೊಟ್ಟೆಗೆ ಹೋದದ್ದು ಏನೆಂದು ತಿಳಿಯಬೇಕಾದರೆ ಜಠರ, ಪಿತ್ತಜನಕಾಂಗ, ಮೂತ್ರಪಿಂಡದ ತುಣುಕುಗಳು ಉಪ್ಪುನೀರಿನ ಜಾಡಿಗಳಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಲೇಬೇಕು. ಆ ವರದಿ ಬರುವ ತನಕ ವಿಮೆಯ ಹಣವೂ ರೈತ ಆತ್ಮಹತ್ಯೆಯ ಪರಿಹಾರವೂ ಅಲುಗಾಡುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆಂದೇ ಕರೋನರ್ ಇದ್ದಾರೆ. ಹುದ್ದೆ 1194ರಷ್ಟು ಹಳೆಯದು. ಯಾರು ಸತ್ತರು, ಎಲ್ಲಿ, ಯಾವಾಗ, ಹೇಗೆ – ಇಷ್ಟನ್ನೇ ಕೇಳುವ ಅವರು ಪೊಲೀಸರ ಕೈಕೆಳಗಿನವರಲ್ಲ. ಅಲ್ಲಿ ತೀರಿಕೊಂಡ ಕನ್ನಡಿಗರೊಬ್ಬರ ಶವವನ್ನು ಊರಿಗೆ ತರಬೇಕಾದರೂ ಕರೋನರ್ ಒಪ್ಪಿಗೆ ಬೇಕು. ಬ್ರಿಟಿಷರು 1871ರ ಕಾಯ್ದೆಯಡಿ ಬೊಂಬಾಯಿ, ಕಲ್ಕತ್ತಗಳಿಗೂ ಕರೋನರನ್ನು ಕೊಟ್ಟಿದ್ದರು. ಮುಂಬೈಯಲ್ಲಿ 1999ರಲ್ಲಿ ಆ ಹುದ್ದೆ ರದ್ದಾಯಿತು. ಅದು ಹೋದದ್ದಕ್ಕೆ ಅತ್ತವರು ಕಡಿಮೆ, ನನಗೂ ಆ ಹಳೆಯ ಕಚೇರಿಯ ಮೇಲೆ ಮೋಹವಿಲ್ಲ. ಆದರೆ ಪೊಲೀಸರಲ್ಲದ ಒಂದು ಕಣ್ಣು ಪ್ರತಿ ಅನುಮಾನದ ಸಾವನ್ನೂ ನೋಡಲಿ ಎಂಬ ಯೋಚನೆಯನ್ನೂ ಅದರ ಜೊತೆಗೇ ಬಿಟ್ಟುಕೊಟ್ಟೆವು. ಮ್ಯಾಜಿಸ್ಟ್ರೇಟರಿಗೆ ‘ತಿಳಿಸುವುದು’ ಬಹುಪಾಲು ಒಂದು ಕಾಗದದ ಓಡಾಟ.

ಅಂಥ ಕಣ್ಣಿನ ಕೊರತೆ 2025ರಲ್ಲಿ ಹಾಸನದಲ್ಲಿ ಕಂಡಿತು. ವಾರಗಟ್ಟಲೆ ಹೃದಯಾಘಾತದ ಸುದ್ದಿಗಳು, ಅದರಲ್ಲೂ ಎಳೆಯ ವಯಸ್ಸಿನವರದು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನಸಾಗರ. ಮನೆಯಲ್ಲೇ ಕುಸಿದು ಸತ್ತವರಲ್ಲಿ ಅನುಮಾನವಿಲ್ಲವೆಂದಾದರೆ ಪೊಲೀಸರು ಬರುವುದಿಲ್ಲ, ಪರೀಕ್ಷೆಯೂ ಆಗುವುದಿಲ್ಲ. ಕಾರಣವೆಂದು ಉಳಿಯುವುದು ಊರಿನವರ ಊಹೆ. ಕೋವಿಡ್ ಲಸಿಕೆಯೇ ಕಾರಣವೆಂದು ಹರಡಿದ ಗುಲ್ಲಿಗೆ ಇಂಥ ಖಾಲಿ ಜಾಗವೇ ಇಂಬು. ತಜ್ಞರ ಸಮಿತಿ ಆ ನಂಟನ್ನು ತಳ್ಳಿಹಾಕಿತು. ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡುವುದೂ ಮರಣೋತ್ತರ ಪರೀಕ್ಷೆಯೂ ಕಡ್ಡಾಯ ಎಂದು ಘೋಷಿಸಿದರು. ಒಳ್ಳೆಯ ಮಾತು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಹೊರರೋಗಿಗಳನ್ನು ನೋಡುವ ವೈದ್ಯರೇ ಮಧ್ಯಾಹ್ನ ಶವಾಗಾರಕ್ಕೂ ಹೋಗುವವರು; ವಿಧಿವಿಜ್ಞಾನ ತಜ್ಞರು ಹೆಚ್ಚಾಗಿರುವುದು ಮೆಡಿಕಲ್ ಕಾಲೇಜುಗಳಲ್ಲಿ. ಹೃದಯದ ರಕ್ತನಾಳವನ್ನು ಅಂಗುಲ ಅಂಗುಲವಾಗಿ ಬಿಡಿಸಿ ನೋಡಲು ಆ ವೈದ್ಯರಿಗೆ ಸಮಯವನ್ನೂ ತರಬೇತಿಯನ್ನೂ ಕೊಡುವವರು ಯಾರು ಎಂಬುದನ್ನು ಘೋಷಣೆಯ ಜೊತೆಗೇ ಹೇಳಬೇಕಿತ್ತು.